ಎಷ್ಟು ಪರ್ಸೆಂಟ್ ಬ್ಲಾಕ್?

ಕ್ಯಾಥ್ ಲ್ಯಾಬಿನ ಬಾಗಿಲು ತೆರೆದು ಸಿಸ್ಟರ್ ಒಬ್ಬರು ನಮ್ಮ ಸೋದರಮಾವನ ಹೆಸರು ಕೂಗಿ, “ಇವರ ಕಡೆಯವರು ಯಾರಿದೀರಾ? ಡಾಕ್ಟ್ರು ಕರೀತಿದಾರೆ” ಅಂದರು. ನಾನು ಎದ್ದೆ. ಅತ್ತೆ ನನ್ನ ತೋಳು ಹಿಡಿದು ಹೇಳಿದ್ದು ಒಂದೇ ಮಾತು: “ಎಷ್ಟು ಪರ್ಸೆಂಟ್ ಅಂತ ಸರಿಯಾಗಿ ಕೇಳ್ಕೊಂಡ್ ಬಾರಪ್ಪ.”

ಮಾವನದು ತಿಪಟೂರಿನ ಹತ್ತಿರ ತೆಂಗಿನ ತೋಟ. ಏರು ಹತ್ತುವಾಗ ಎದೆಯ ಮೇಲೆ ಯಾರೋ ಕೈಯೂರಿದ ಹಾಗಾಗುತ್ತದೆ ಎನ್ನುತ್ತಿದ್ದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಏನೋ ಏರುಪೇರು ಕಂಡಿತು. ಆಂಜಿಯೋಗ್ರಾಂ ಆಗಿಬಿಡಲಿ ಎಂದು ಬೆಂಗಳೂರಿಗೆ ಕರೆತಂದಿದ್ದೆವು. ಒಳಗೆ, ದಪ್ಪ ಗಾಜಿನ ಈಚೆಗಿನ ಕಿರುಕೋಣೆಯಲ್ಲಿ ಸೀಸದ ಏಪ್ರನ್ ತೊಟ್ಟ ಡಾಕ್ಟರು ಮಾನಿಟರಿನ ಮುಂದೆ ನಿಂತಿದ್ದರು. ಬೂದು ಬಣ್ಣದ ತೆರೆ. ಪಕ್ಕೆಲುಬುಗಳ ಮಸುಕು, ಬೆನ್ನುಮೂಳೆಯ ಮಸುಕು, ನಡುವೆ ಬಾಗಿದ ಒಂದು ಕೊಳವೆಯ ತುದಿ. ಅವರು ಗುಂಡಿ ಒತ್ತಿದೊಡನೆ ಆ ತುದಿಯಿಂದ ಕಪ್ಪು ಚಿಮ್ಮಿತು. ಕಾಂಡ, ಕವಲು, ಕವಲಿನ ಕವಲು ಎಂದು ಇಡೀ ಒಂದು ಗಿಡ ಮೂಡಿತು, ಬಡಿತದ ಜೊತೆ ಹೊರಳಾಡಿತು, ಎರಡು ಮೂರು ಬಡಿತದಲ್ಲಿ ಮಾಸಿಯೂ ಹೋಯಿತು. ಮತ್ತೆ ಒತ್ತಿದರು, ಮತ್ತೆ ಮೂಡಿತು. ಮೂರನೇ ಸಲ ಒಂದು ಕಡೆ ನಿಲ್ಲಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಕವಲೊಂದು ಬೆರಳಗಲದಷ್ಟು ದೂರ ಸೊರಗಿ, ಮತ್ತೆ ದಪ್ಪವಾಗಿತ್ತು.

“ಇದು ಎಲ್‌ಎಡಿ. ಇಲ್ಲಿ ಹೆಚ್ಚುಕಮ್ಮಿ 70 ಪರ್ಸೆಂಟ್ ಇದೆ. ಸ್ಟೆಂಟ್ ಬೇಕೋ ಬೇಡವೋ ಅನ್ನೋದನ್ನ ಇದೊಂದೇ ನೋಡಿ ಹೇಳೋಕೆ ನನಗೆ ಇಷ್ಟವಿಲ್ಲ. ಒಳಗೆ ಒಂದು ತಂತಿ ಬಿಟ್ಟು ಪ್ರೆಶರ್ ನೋಡ್ತೀನಿ. ಇಲ್ಲಿ ಸೈನ್ ಮಾಡಿ.”

ಸೈನ್ ಮಾಡಿ ಹೊರಗೆ ಬಂದೆ. ಅತ್ತೆಗೆ ಹೇಳಲು ಸಂಖ್ಯೆಯೇನೋ ಸಿಕ್ಕಿತ್ತು. ಆದರೆ ಆ 70 ಯಾವುದರ 70? ಯಾವುದಕ್ಕೆ ಹೋಲಿಸಿದರೆ? ಮತ್ತು ಹೃದಯದ ಚಿತ್ರವನ್ನು ಕಣ್ಣಾರೆ ಕಂಡ ವೈದ್ಯರೇ ಅದನ್ನು ಪೂರ್ತಿ ನಂಬದೆ ಇನ್ನೊಂದು ಪರೀಕ್ಷೆ ಕೇಳಿದ್ದೇಕೆ?

ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆ. ಆದರೂ ಆ ಸ್ನಾಯು ತನ್ನ ಒಳಗಿನ ರಕ್ತವನ್ನು ಕುಡಿಯಲಾರದು. ಒಳಮೈಯ ತೆಳು ಪದರಕ್ಕೆ ಬಿಟ್ಟರೆ ಉಳಿದ ದಪ್ಪಕ್ಕೆಲ್ಲ ಹೊರಗಿನಿಂದಲೇ ಪೂರೈಕೆ ಆಗಬೇಕು. ಮಹಾಧಮನಿ ಹೃದಯದಿಂದ ಹೊರಡುವ ಜಾಗದಲ್ಲೇ, ಕವಾಟದ ತುಸು ಮೇಲೆ, ಎರಡು ಕರೊನರಿ ನಾಳಗಳು ಹುಟ್ಟುತ್ತವೆ. ಬಲದ್ದು ಬಲಕ್ಕೆ ಸುತ್ತಿಕೊಳ್ಳುತ್ತದೆ. ಎಡದ್ದು ಎರಡಾಗಿ ಸೀಳಿ ಒಂದು ಮುಂಭಾಗದಲ್ಲಿ ಕೆಳಗಿಳಿಯುತ್ತದೆ, ಅದೇ ಎಲ್‌ಎಡಿ. ಇನ್ನೊಂದು ಹಿಂದಕ್ಕೆ ಸುತ್ತುತ್ತದೆ. ಬಾಲ್‌ಪೆನ್ನಿನ ರೀಫಿಲ್ ನೋಡಿದ್ದೀರಲ್ಲ, ದೊಡ್ಡ ಕರೊನರಿಗಳ ದಪ್ಪ ಸುಮಾರು ಅಷ್ಟೇ, 3 ಮಿಲಿಮೀಟರಿನ ಆಸುಪಾಸು. ನಿಮಿಷಕ್ಕೆ 70 ಸಲ ಕುಣಿಯುವ ಒಂದು ಮುಷ್ಟಿಯ ಮೇಲೆ ಅಂಟಿಕೊಂಡಿರುವ ರೀಫಿಲ್ಲುಗಳನ್ನು ಎದೆಗೂಡಿನ ಹೊರಗಿನಿಂದ ನೋಡುವುದು ಹೇಗೆ ಎಂಬುದೇ ಇಡೀ ಪ್ರಶ್ನೆ.

ರಾಂಟ್‌ಗೆನ್ 1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನಲ್ಲಿ ಎಕ್ಸ್-ರೇ ಕಂಡುಹಿಡಿದಾಗ ಮೂಳೆ ತಾನಾಗಿ ಕಂಡಿತು, ಅದರಲ್ಲಿ ಕ್ಯಾಲ್ಸಿಯಂ ಇದೆ. ರಕ್ತ ಮತ್ತು ಮಾಂಸ ಮಾತ್ರ ಎಕ್ಸ್-ರೇಗೆ ಒಂದೇ. ಎರಡೂ ನೀರಿನಷ್ಟೇ ಸಾಂದ್ರ, ಒಂದರ ನೆರಳು ಇನ್ನೊಂದರಲ್ಲಿ ಕರಗಿಹೋಗುತ್ತದೆ. ನಾಳ ಕಾಣಬೇಕಾದರೆ ಅದರೊಳಗೆ ಎಕ್ಸ್-ರೇಯನ್ನು ತಡೆಯುವ ಏನನ್ನಾದರೂ ತುಂಬಬೇಕು. ಇದು ಹೊಳೆಯಲು ಹೆಚ್ಚು ದಿನ ಬೇಕಾಗಲಿಲ್ಲ. 1896ರ ಜನವರಿಯಲ್ಲೇ ವಿಯೆನ್ನಾದಲ್ಲಿ ಹ್ಯಾಶೆಕ್ ಮತ್ತು ಲಿಂಡೆಂಟಾಲ್ ಎಂಬಿಬ್ಬರು ಶವದ ಕೈಯೊಂದರ ರಕ್ತನಾಳಕ್ಕೆ ಸುಣ್ಣ, ಇಂಗಲೀಕ ಮತ್ತು ಪೆಟ್ರೋಲಿಯಂ ಕಲಸಿದ ಮಿಶ್ರಣ ತುಂಬಿ ಚಿತ್ರ ತೆಗೆದರು. ಒಂದು ಚಿತ್ರಕ್ಕೆ 57 ನಿಮಿಷ ಹಿಡಿಯಿತು. ಬೆರಳ ತುದಿಯವರೆಗೂ ನಾಳಗಳ ಜಾಲ ಕಂಡಿತು. ಆದರೆ ಅದು ಸತ್ತ ಕೈ. ಬದುಕಿದವರ ಮೈಗೆ ಸುಣ್ಣ, ಪಾದರಸವಿರುವ ಇಂಗಲೀಕ ಹಾಕುವ ಹಾಗಿಲ್ಲ.

ಹಾಕಬಹುದಾದದ್ದಕ್ಕೆ ಹುಡುಕಾಟ ಹತ್ತಾರು ವರ್ಷ ನಡೆಯಿತು, ಅದರಲ್ಲಿ ದಾರುಣವಾದ ತಪ್ಪೂ ಆಯಿತು. 1930ರ ಆಸುಪಾಸಿನಲ್ಲಿ ಥೋರೊಟ್ರಾಸ್ಟ್ ಎಂಬ ದ್ರವ ಬಂತು. ಚುಚ್ಚಿದಾಗ ಉರಿಯಿಲ್ಲ, ನೋವಿಲ್ಲ, ಚಿತ್ರ ಅಷ್ಟು ಸ್ಪಷ್ಟ. ಅದರಲ್ಲಿದ್ದುದು ವಿಕಿರಣ ಸೂಸುವ ಥೋರಿಯಂ. ಅದು ಯಕೃತ್ತಿನಲ್ಲಿ ಹೋಗಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಅದನ್ನು ಚುಚ್ಚಿಸಿಕೊಂಡವರಲ್ಲಿ ಹಲವರಿಗೆ ಯಕೃತ್ತಿನ ಕ್ಯಾನ್ಸರ್ ಬಂತು. ಒಳ್ಳೆಯ ಚಿತ್ರವೊಂದೇ ಸಾಲದು ಎಂಬುದನ್ನು ಅವರ ದೇಹಗಳಿಂದ ಕಲಿತೆವು. ಇಂದಿನ ‘ಡೈ’ ಅಯೋಡಿನ್ ಇರುವ ದ್ರವ. ಅದು ಎಕ್ಸ್-ರೇಯನ್ನು ತಡೆಯುತ್ತದೆ, ಮೂತ್ರಪಿಂಡದ ಮೂಲಕ ಹೊರಟುಹೋಗುತ್ತದೆ. ಆಂಜಿಯೋಗ್ರಾಂಗೆ ಮೊದಲು ಕ್ರಿಯಾಟಿನಿನ್ ಎಷ್ಟಿದೆ ಎಂದು ರಕ್ತ ತಪಾಸಣೆ ಮಾಡಿಸುವುದು ಇದಕ್ಕೇ.

ಡೈ ಸಿಕ್ಕಿತು ಎಂದುಕೊಳ್ಳೋಣ. ಅದನ್ನು ಹೃದಯದವರೆಗೆ ತಲುಪಿಸುವುದು ಹೇಗೆ? ಕೈಗೆ ಚುಚ್ಚಿದರೆ ಹೃದಯ ಮುಟ್ಟುವಷ್ಟರಲ್ಲಿ ರಕ್ತದಲ್ಲಿ ಕಲಸಿ ತೆಳುವಾಗಿರುತ್ತದೆ. ಅಲ್ಲಿಗೇ ಒಂದು ನಳಿಕೆ ಕೊಂಡೊಯ್ಯಬೇಕು. ಹಾಗೆ ಮಾಡಿದರೆ ಹೃದಯ ನಿಂತೇಹೋಗುತ್ತದೆ ಎಂಬ ಭಯ ಆ ಕಾಲದ ವೈದ್ಯರಲ್ಲಿತ್ತು.

ಬರ್ಲಿನ್ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಸಣ್ಣ ಆಸ್ಪತ್ರೆಯಲ್ಲಿ 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಕಿರಿಯ ವೈದ್ಯ ಇದ್ದ. ವಯಸ್ಸು ಇಪ್ಪತ್ತೈದರ ಹತ್ತಿರ. ಕುದುರೆಯ ಕುತ್ತಿಗೆಯ ಅಭಿಧಮನಿಯ ಮೂಲಕ ಹೃದಯದೊಳಗೆ ನಳಿಕೆ ಇಟ್ಟಿರುವ ಹಳೆಯ ಫ್ರೆಂಚ್ ಚಿತ್ರವೊಂದು ಅವನ ತಲೆಯಲ್ಲಿ ಕೂತಿತ್ತು. ಕುದುರೆಗೆ ಆಗುವುದು ಮನುಷ್ಯನಿಗೇಕೆ ಆಗದು? ತನ್ನ ಮೇಲೇ ಪ್ರಯೋಗಿಸುತ್ತೇನೆ ಎಂದು ಕೇಳಿದ, ಮುಖ್ಯ ವೈದ್ಯರು ಒಪ್ಪಲಿಲ್ಲ. ಉಪಕರಣಗಳ ಬೀರುವಿನ ಕೀಲಿ ಇದ್ದುದು ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಹತ್ತಿರ. ಆಕೆಗೆ ವಿಷಯವನ್ನೆಲ್ಲ ವಿವರಿಸಿದ. ಆಕೆ ಹೆದರಲಿಲ್ಲ, ‘ನನ್ನ ಮೇಲೇ ಮಾಡಿ’ ಎಂದು ಮುಂದೆ ಬಂದಳು. ಅವಳನ್ನು ಮೇಜಿನ ಮೇಲೆ ಮಲಗಿಸಿ ಕೈಕಾಲು ಕಟ್ಟಿ, ಅವಳ ತೋಳಿಗೆ ಔಷಧ ಬಳಿಯುವ ಹಾಗೆ ತೋರಿಸಿ, ಅವಳಿಗೆ ಕಾಣದಂತೆ ತನ್ನ ಎಡಮೊಣಕೈ ಮಡಿಕೆಯನ್ನು ಮರಗಟ್ಟಿಸಿ ಕೊಯ್ದುಕೊಂಡ. ಮೂತ್ರನಾಳಕ್ಕೆಂದು ಮಾಡಿದ ತೆಳು ನಳಿಕೆಯನ್ನು ಅಭಿಧಮನಿಯೊಳಗೆ ತೂರಿಸುತ್ತ ಹೋದ. ಅವಳಿಗೆ ಗೊತ್ತಾದಾಗ ಸಿಟ್ಟು ಬಂತು. ಆದರೂ ಕಟ್ಟು ಬಿಚ್ಚಿಸಿಕೊಂಡು ಅವನ ಜೊತೆ ಎಕ್ಸ್-ರೇ ಕೋಣೆಗೆ ಮೆಟ್ಟಿಲಿಳಿದು ನಡೆದಳು. ತೋಳಿನಿಂದ ನಳಿಕೆ ನೇತಾಡುತ್ತಿದ್ದ ಮನುಷ್ಯ ಎಕ್ಸ್-ರೇ ತೆರೆಯ ಹಿಂದೆ ನಿಂತ. ತೆರೆ ಅವನಿಗೇ ಕಾಣುವಂತೆ ಅವಳು ಕನ್ನಡಿ ಹಿಡಿದಳು. ಅದನ್ನು ನೋಡಿಕೊಂಡು ಅವನು ನಳಿಕೆಯನ್ನು 65 ಸೆಂಟಿಮೀಟರ್ ಒಳಗೆ ತಳ್ಳಿ ಹೃದಯದ ಬಲಭಾಗ ಮುಟ್ಟಿಸಿದ, ಚಿತ್ರ ತೆಗೆಸಿದ.

ಆ ಕನ್ನಡಿ ಹಿಡಿದ ಕೈಗಳನ್ನು ನಾನು ಬಹಳ ಸಲ ನೆನೆದಿದ್ದೇನೆ. ಬದುಕಿರುವ ಮನುಷ್ಯನೊಬ್ಬ ತನ್ನದೇ ಹೃದಯದ ಬಾಗಿಲಿಗೆ ನಳಿಕೆ ಸೇರುವುದನ್ನು ನೋಡಿದ ಆ ಗಳಿಗೆಯಲ್ಲಿ ಅವಳ ಪಾಲೂ ಇದೆ. ಪುಸ್ತಕಗಳು ಅವಳ ಹೆಸರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಫೋರ್ಸ್‌ಮನ್‌ಗೆ ಅಂದು ಮನ್ನಣೆ ಸಿಗಲಿಲ್ಲ. ಅವನು ಮೂತ್ರರೋಗ ತಜ್ಞನಾದ. 1932ರಲ್ಲಿ ನಾಜಿ ಪಕ್ಷ ಸೇರಿದ ಎಂಬುದನ್ನೂ ಇಲ್ಲಿ ಬರೆಯಲೇಬೇಕು; ಧೈರ್ಯವಂತನ ಕಥೆ ಹೇಳುವಾಗ ಅದನ್ನು ಬಿಟ್ಟರೆ ಸುಳ್ಳಾಗುತ್ತದೆ. ಅವನ ಕೆಲಸವನ್ನು ನ್ಯೂಯಾರ್ಕಿನಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಮುಂದುವರಿಸಿದರು. 1956ರ ನೊಬೆಲ್ ಮೂವರಿಗೂ ಬಂತು.

ಇಷ್ಟಾದರೂ ಕರೊನರಿಯ ಬಾಯಿಗೇ ಡೈ ಹಾಕಲು ಯಾರೂ ಧೈರ್ಯ ಮಾಡಲಿಲ್ಲ. ರಕ್ತದ ಬದಲು ಡೈ ಹೋದರೆ ಹೃದಯದ ಲಯ ಕೆಟ್ಟು ಸಾವು ಖಂಡಿತ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದು ಒಡೆದದ್ದು ಒಂದು ಅವಘಡದಿಂದ. 1958ರ ಅಕ್ಟೋಬರ್ 30, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್. ಮೇಸನ್ ಸೋನ್ಸ್ ಎಂಬ ವೈದ್ಯರು 26 ವರ್ಷದ ಯುವಕನೊಬ್ಬನ ಮಹಾಧಮನಿಗೆ ಡೈ ಹಾಕಿಸುತ್ತಿದ್ದರು. ಯುವಕನಿಗೆ ಕವಾಟದ ಕಾಯಿಲೆ. ತೆರೆ ನೋಡಲು ಸೋನ್ಸ್ ಮೇಜಿನ ಕೆಳಗಿನ ಗುಂಡಿಯಂಥ ಜಾಗದಲ್ಲಿ ನಿಂತಿದ್ದರು. ಡೈ ಹೊರಟಿತು. ಹೊರಟ ಮೇಲೆ ಕಂಡದ್ದು: ನಳಿಕೆಯ ತುದಿ ಜರುಗಿ ಬಲ ಕರೊನರಿಯ ಬಾಯಿಗೆ ಹೊಕ್ಕಿದೆ, ಸುಮಾರು 30 ಮಿಲಿಲೀಟರ್ ಡೈ ನೇರ ಅದರೊಳಗೆ ಹೋಗಿದೆ. ಹೃದಯ ನಿಂತಿತು. ಸೋನ್ಸ್ ಗುಂಡಿಯಿಂದ ಮೇಲೆ ಹತ್ತಿ ಓಡಿ ಬಂದರು, ಎದೆ ಸೀಳಲು ಚಾಕು ಹುಡುಕಿದರು. ಆ ಗಳಿಗೆಯಲ್ಲಿ, ರೋಗಿಗೆ ಇನ್ನೂ ಎಚ್ಚರ ಇರಬಹುದು ಎಂದು ಹೊಳೆದು, ಕೆಮ್ಮುವಂತೆ ಕೂಗಿದರು. ಆತ ಕೆಮ್ಮಿದ. ಆ ಒತ್ತಡಕ್ಕೆ ರಕ್ತ ಮುಂದೆ ಸರಿದು ಡೈ ತೊಳೆದುಹೋಯಿತು, ಹೃದಯ ಮತ್ತೆ ಬಡಿಯತೊಡಗಿತು.

ಆತ ಬದುಕಿದ. ಅಷ್ಟು ಡೈಗೆ ಸಾಯಲಿಲ್ಲ ಎಂದರೆ ನಾಲ್ಕೈದು ಮಿಲಿಲೀಟರಿಗೆ ಏನೂ ಆಗಲಾರದು ಎಂದು ಸೋನ್ಸ್ ಲೆಕ್ಕ ಹಾಕಿದರು. ನಂತರದ ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಡೈ ಬಿಟ್ಟು, ಸಿನಿಮಾ ಫಿಲ್ಮಿನ ಮೇಲೆ ಕರೊನರಿಗಳ ಚಲನಚಿತ್ರ ಹಿಡಿದರು. ಆ ಫಿಲ್ಮುಗಳನ್ನು ದಿನಗಟ್ಟಲೆ ನೋಡುತ್ತ ಕೂತ ಅರ್ಜೆಂಟೀನಾದ ಶಸ್ತ್ರವೈದ್ಯ ರೆನೆ ಫವಾಲೊರೊ 1967ರಲ್ಲಿ ಅಲ್ಲಿಯೇ ಕಾಲಿನ ಅಭಿಧಮನಿ ತೆಗೆದು ಬೈಪಾಸ್ ಮಾಡಿದರು. ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ 1977ರಲ್ಲಿ ಬಲೂನು ಉಬ್ಬಿಸಿ ಕರೊನರಿಯನ್ನು ಹಿಗ್ಗಿಸಿದರು. ಎಲ್ಲಿ ಇಕ್ಕಟ್ಟಾಗಿದೆ ಎಂದು ಕಂಡ ಮೇಲಷ್ಟೇ ಇವೆಲ್ಲ ಸಾಧ್ಯ. ‘ಬ್ಲಾಕ್’ ಎಂಬ ಮಾತು ನಮ್ಮ ಮನೆಮಾತಾದದ್ದು ಆ ಫಿಲ್ಮಿನಿಂದ.

ಈಗ ಮಾವನ 70ಕ್ಕೆ ಬರೋಣ. ನಾಳ ಸರಿಯಿರುವಲ್ಲಿ 3 ಮಿಲಿಮೀಟರ್, ಸೊರಗಿರುವಲ್ಲಿ 0.9 ಮಿಲಿಮೀಟರ್ ಇದ್ದರೆ 70 ಪರ್ಸೆಂಟ್ ಬ್ಲಾಕ್ ಅನ್ನುತ್ತಾರೆ. ಇದು ಅಗಲದ ಲೆಕ್ಕ. ರಕ್ತ ಹರಿಯುವ ತೂತಿನ ವಿಸ್ತೀರ್ಣ ನೋಡಿದರೆ 91 ಪರ್ಸೆಂಟ್ ಮುಚ್ಚಿದೆ, 9 ಉಳಿದಿದೆ. ಹಾಗೆಯೇ 50 ಪರ್ಸೆಂಟ್ ಎಂದು ಬರೆದದ್ದು ವಿಸ್ತೀರ್ಣದಲ್ಲಿ 75. ಇಷ್ಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಸ್ನಾಯುವಿನೊಳಗಿನ ಕಿರುನಾಳಗಳು, ಮೇಲೆ ಇಕ್ಕಟ್ಟಾದಷ್ಟೂ, ತಾವು ಹಿಗ್ಗಿ ರಕ್ತವನ್ನು ಎಳೆದುಕೊಳ್ಳುತ್ತವೆ. ಲಾನ್ಸ್ ಗೌಲ್ಡ್ ಎಂಬ ಅಮೆರಿಕನ್ ವೈದ್ಯರು 1974ರಲ್ಲಿ ನಾಯಿಗಳ ಕರೊನರಿಯನ್ನು ಸ್ವಲ್ಪಸ್ವಲ್ಪವಾಗಿ ಬಿಗಿದು ಅಳೆದಾಗ ಕಂಡದ್ದು ಇದು: ಸುಮ್ಮನೆ ಮಲಗಿರುವಾಗಿನ ಹರಿವು ಅಗಲದ ಸುಮಾರು 85 ಪರ್ಸೆಂಟ್ ಮುಚ್ಚುವವರೆಗೂ ಕುಗ್ಗಲಿಲ್ಲ. ಹರಿವು ಹೆಚ್ಚಬೇಕಾದಾಗ ಎಷ್ಟು ಹೆಚ್ಚಬಲ್ಲದು ಎಂಬ ಆ ಕಾಯ್ದಿಟ್ಟ ಶಕ್ತಿ ಮಾತ್ರ 30ರಿಂದ 45ರ ನಡುವೆಯೇ ಇಳಿಯತೊಡಗಿತು. ಜಗುಲಿಯಲ್ಲಿ ಕೂತ ಮಾವನಿಗೆ ಏನೂ ಅನ್ನಿಸದೆ, ಏರು ಹತ್ತುವಾಗ ಮಾತ್ರ ಎದೆ ಭಾರವಾಗುವುದು ಏಕೆಂಬುದಕ್ಕೆ ಸಾಮಾನ್ಯವಾಗಿ ಇದೇ ವಿವರಣೆ.

ಇನ್ನೊಂದು ತೊಡಕು. ಆಂಜಿಯೋಗ್ರಾಂ ನೆರಳು. ರೂಪಾಯಿ ನಾಣ್ಯವನ್ನು ಎದುರಿನಿಂದ ನೋಡಿದರೆ ದುಂಡಗೆ, ಅಂಚಿನಿಂದ ನೋಡಿದರೆ ಗೆರೆ. ಸೊರಗಿದ ಜಾಗದ ತೂತು ಚಪ್ಪಟೆಯಾಗಿದ್ದರೆ ಒಂದು ಕೋನದಲ್ಲಿ ಅಗಲ ಕಂಡೀತು, ಇನ್ನೊಂದರಲ್ಲಿ ಎಳೆಯಂತೆ. ಮೇಜಿನ ಸುತ್ತ ಆ ಬಿಲ್ಲಿನಾಕಾರದ ಯಂತ್ರ ತಿರುಗುತ್ತ ಹಲವು ಕೋನಗಳಿಂದ ಚಿತ್ರ ಹಿಡಿಯುವುದು ಇದಕ್ಕಾಗಿ. ಹಾಗಿದ್ದೂ ಒಂದೇ ಫಿಲ್ಮಿಗೆ ಒಬ್ಬರು 60 ಅಂದರೆ ಇನ್ನೊಬ್ಬರು 75 ಅನ್ನಬಹುದು. ಹೋಲಿಸುವುದು ಪಕ್ಕದ ‘ಸರಿಯಿರುವ’ ಭಾಗಕ್ಕೆ. ಅದೂ ಒಳಗೊಳಗೇ ಸೊರಗಿದ್ದರೆ ಲೆಕ್ಕವೇ ತಪ್ಪು.

ಎಲ್ಲಕ್ಕಿಂತ ದೊಡ್ಡ ಮಾತು ಬೇರೆ ಇದೆ. ಡೈ ತುಂಬುವುದು ನಾಳದ ತೂತನ್ನು. ನಾವು ನೋಡುವುದು ತೂತಿನ ನೆರಳನ್ನು. ಕಾಯಿಲೆ ಇರುವುದು ಗೋಡೆಯಲ್ಲಿ. ಕೊಬ್ಬು ನಾಳದ ಒಳಮೈಗೆ ಬಳಿದುಕೊಂಡು ಕೂರುವುದಿಲ್ಲ, ಗೋಡೆಯ ಪದರದೊಳಗೆ ಸೇರಿ ಬೆಳೆಯುತ್ತದೆ. ನಾಳ ಜೀವಂತ ವಸ್ತು. ಗೋಡೆ ಊದಿಕೊಂಡಂತೆಲ್ಲ ಅದು ಹೊರಕ್ಕೆ ಹಿಗ್ಗಿ ತೂತನ್ನು ಕಾಪಾಡಿಕೊಳ್ಳುತ್ತದೆ. ಷಿಕಾಗೋದ ಸೆಮೂರ್ ಗ್ಲಾಗೊವ್ ಮತ್ತು ಸಂಗಡಿಗರು 136 ಹೃದಯಗಳನ್ನು ಕೊಯ್ದು ನೋಡಿ 1987ರಲ್ಲಿ ಇದನ್ನು ತೋರಿಸಿದರು. ನಾಳದ ಒಟ್ಟು ಜಾಗದಲ್ಲಿ ಕೊಬ್ಬಿನ ಗಂಟು ಸುಮಾರು 40 ಪರ್ಸೆಂಟ್ ಆಕ್ರಮಿಸುವವರೆಗೂ ತೂತು ಕಿರಿದಾಗುವುದೇ ಇಲ್ಲ. ಅಲ್ಲಿಯವರೆಗೆ ಆಂಜಿಯೋಗ್ರಾಂ ‘ನಾರ್ಮಲ್’.

ಹಾರ್ಟ್ ಅಟ್ಯಾಕ್ ಆಗುವುದು ತೂತು ನಿಧಾನಕ್ಕೆ ಮುಚ್ಚಿಕೊಂಡು ಬಂದು ಕೊನೆಗೊಂದು ದಿನ ಪೂರ್ತಿ ಮುಚ್ಚುವುದರಿಂದ ಎಂದು ನಾವು ತಿಳಿದಿದ್ದೇವೆ. ಬಹಳಷ್ಟು ಸಲ ಹಾಗಲ್ಲ. ಗೋಡೆಯೊಳಗಿನ ಮೆತ್ತನೆ ಗಂಟಿನ ತೆಳು ಮುಚ್ಚಳ ಬಿರಿಯುತ್ತದೆ, ಒಳಗಿನದು ರಕ್ತಕ್ಕೆ ತಾಗಿದೊಡನೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಿಮಿಷಗಳಲ್ಲಿ ನಾಳ ಮುಚ್ಚಿಹೋಗುತ್ತದೆ. ಬಿರಿದ ಆ ಗಂಟು ಹಿಂದಿನ ದಿನ 30 ಅಥವಾ 40 ಪರ್ಸೆಂಟಿನದಾಗಿದ್ದಿರಬಹುದು. 2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆ ಸಾಲಿನಲ್ಲಿ ನಿಂತ ಯುವಕರ ದಿಗಿಲು ನಿಜವಾದದ್ದು. ಅವರು ಕೇಳಿದ ‘ನನಗೆ ಬ್ಲಾಕ್ ಇದೆಯಾ?’ ಎಂಬ ಪ್ರಶ್ನೆ ಮಾತ್ರ ಅರ್ಧ ಪ್ರಶ್ನೆ.

ಗೋಡೆಯನ್ನೇ ನೋಡುವ ಉಪಾಯಗಳೂ ಈಗ ಇವೆ. ಸಿಟಿ ಸ್ಕ್ಯಾನಿನಲ್ಲಿ ಗೋಡೆಗೆ ಕಟ್ಟಿದ ಕ್ಯಾಲ್ಸಿಯಂ ಬೆಳ್ಳಗೆ ಕಾಣುತ್ತದೆ. ಅದನ್ನು ಎಣಿಸುವ ಕ್ರಮವನ್ನು ಆರ್ಥರ್ ಅಗಾಟ್ಸ್‌ಟನ್ 1990ರಲ್ಲಿ ಕೊಟ್ಟರು. ಕೈಗೆ ಡೈ ಚುಚ್ಚಿ ತೆಗೆಯುವ ಸಿಟಿ ಆಂಜಿಯೋಗ್ರಾಂನಲ್ಲಿ ಮೆತ್ತನೆಯ ಗಂಟೂ ಕಾಣುತ್ತದೆ. ಹೃದಯ ಕುಣಿಯುತ್ತಿದ್ದರೆ ಚಿತ್ರ ಕಲೆಸುತ್ತದೆ. ಹಾಗಾಗಿ ಮಾತ್ರೆ ಕೊಟ್ಟು ಬಡಿತವನ್ನು 60ರ ಹತ್ತಿರಕ್ಕೆ ಇಳಿಸಿ, ಉಸಿರು ಹಿಡಿಸಿ, ಇಸಿಜಿ ನೋಡಿಕೊಂಡು ಎರಡು ಬಡಿತಗಳ ನಡುವಿನ ಬಿಡುವಿನಲ್ಲೇ ಚಿತ್ರ ಹಿಡಿಯುತ್ತಾರೆ. ಇನ್ನೂ ಹತ್ತಿರದಿಂದ ನೋಡಬೇಕೆಂದರೆ ನಾಳದೊಳಗೇ ಬೆಳಕಿನ ಎಳೆಯೊಂದನ್ನು ಬಿಡುತ್ತಾರೆ. ಒಂದೆರಡು ಸೆಕೆಂಡು ರಕ್ತವನ್ನು ಡೈಯಿಂದ ತೊಳೆದು ಸರಿಸಿದರೆ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಗಂಟಿನ ಮುಚ್ಚಳ ಎಷ್ಟು ತೆಳುವಾಗಿದೆ ಎಂಬುದೇ ಕಾಣುತ್ತದೆ.

ಎಕೋ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ‘ಎಕೋ ನಾರ್ಮಲ್ ಬಂದಿದೆ, ಬ್ಲಾಕ್ ಇಲ್ಲ’ ಎಂದು ಜನ ನೆಮ್ಮದಿಯಾಗಿ ಮನೆಗೆ ಹೋಗುವುದನ್ನು ನೋಡಿದ್ದೇನೆ. ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯ ಮತ್ತು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ, ಲೋಹದೊಳಗಿನ ಬಿರುಕು ಪತ್ತೆಮಾಡುವ ಯಂತ್ರವನ್ನು ಎರವಲು ತಂದು 1953ರ ಅಕ್ಟೋಬರಿನಲ್ಲಿ ಎದೆಗೆ ಹಿಡಿದು ಹೃದಯದ ಮಾರ್ದನಿ ದಾಖಲಿಸಿದರು. ಎಕೋ ಹುಟ್ಟಿದ್ದು ಹಾಗೆ. ಅದು ಪಂಪನ್ನು ತೋರಿಸುತ್ತದೆ: ಕವಾಟ, ಗೋಡೆಯ ಚಲನೆ, ಕೋಣೆಯ ಗಾತ್ರ. ಪಂಪಿಗೆ ರಕ್ತ ತರುವ ಆ ರೀಫಿಲ್ಲಿನಷ್ಟು ನಾಳಗಳ ಇಕ್ಕಟ್ಟನ್ನು ತೋರಿಸುವುದು ಅದರ ಕೆಲಸವಲ್ಲ. ಎಕೋ ರಿಪೋರ್ಟಿನಲ್ಲಿರುವ ‘ಇಎಫ್ 60 ಪರ್ಸೆಂಟ್’ ಬ್ಲಾಕೂ ಅಲ್ಲ, ಹೃದಯ 60 ಪಾಲು ಮಾತ್ರ ಕೆಲಸ ಮಾಡುತ್ತಿದೆ ಎಂದೂ ಅಲ್ಲ. ತುಂಬಿದ ರಕ್ತದಲ್ಲಿ ಆರೋಗ್ಯವಂತ ಹೃದಯವೂ ಒಂದು ಬಡಿತಕ್ಕೆ ಹೊರದೂಡುವುದು ಸುಮಾರು ಅಷ್ಟನ್ನೇ.

ಮಾವನೊಳಗೆ ಡಾಕ್ಟರು ಬಿಟ್ಟ ತಂತಿ 0.36 ಮಿಲಿಮೀಟರ್ ದಪ್ಪದ್ದು. ತುದಿಯ ಹತ್ತಿರ ಒತ್ತಡ ಅಳೆಯುವ ಕಣ. ಇಕ್ಕಟ್ಟಿನ ಆಚೆಗೆ ಅದನ್ನು ದಾಟಿಸಿ, ಕಿರುನಾಳಗಳೆಲ್ಲ ಹಿಗ್ಗುವಂತೆ ಅಡೆನೊಸಿನ್ ಎಂಬ ಔಷಧ ಕೊಡುತ್ತಾರೆ. ಮಲಗಿದಲ್ಲೇ ಹರಿವು ಹೆಚ್ಚುತ್ತದೆ. ಆಗ ಇಕ್ಕಟ್ಟಿನ ಆಚೆಗಿನ ಒತ್ತಡ ಈಚೆಗಿನದರ ಎಷ್ಟು ಪಾಲು ಎಂದು ನೋಡುವುದು. ಬೆಲ್ಜಿಯಂ ಮತ್ತು ನೆದರ್ಲೆಂಡ್ಸಿನ ಡಿ ಬ್ರೂಯ್ನ್, ಪೈಲ್ಸ್ 1990ರ ದಶಕದಲ್ಲಿ ರೂಢಿಗೆ ತಂದ ಎಫ್‌ಎಫ್‌ಆರ್ ಪರೀಕ್ಷೆ ಇದು. 0.80ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸ್ಟೆಂಟ್ ಹಾಕುವುದಿಲ್ಲ. 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದಲ್ಲಿ, ಕಣ್ಣಿಗೆ 50ರಿಂದ 70 ಪರ್ಸೆಂಟ್ ಎಂದು ಕಂಡ ಇಕ್ಕಟ್ಟುಗಳಲ್ಲಿ ನಿಜಕ್ಕೂ ರಕ್ತ ತಡೆಯುತ್ತಿದ್ದವು ಮೂರರಲ್ಲೊಂದರಷ್ಟು ಮಾತ್ರ. 71ರಿಂದ 90 ಎಂದು ಕಂಡವುಗಳಲ್ಲೂ ಐದರಲ್ಲೊಂದು ತಡೆಯುತ್ತಿರಲಿಲ್ಲ. ಚಿತ್ರ ನೋಡಿಯೇ ನಿರ್ಧರಿಸಿದ್ದರೆ ಅಷ್ಟೂ ಜನಕ್ಕೆ ಬೇಡದ ಸ್ಟೆಂಟ್ ಬಿದ್ದಿರುತ್ತಿತ್ತು.

ಮಾವನದು 0.84 ಬಂತು.

ವಾರ್ಡಿಗೆ ಬಂದಾಗ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದುಕೊಂಡು ಇಡ್ಲಿ ತಿನ್ನುತ್ತಿದ್ದರು. “ಎದೆ ಒಂದ್ನಿಮಿಷ ಹಿಂಡಿದ ಹಾಗಾಯ್ತು, ಆಮೇಲೆ ಏನಿಲ್ಲ” ಅಂದರು. ಅದು ಅಡೆನೊಸಿನ್. ಅತ್ತೆಗೆ ಸಮಾಧಾನವಿರಲಿಲ್ಲ. “70 ಇದ್ರೂ ಸ್ಟೆಂಟ್ ಬೇಡ ಅಂದ್ರಾ? ಬೇರೆ ಕಡೆ ತೋರಿಸೋಣ್ವಾ?”

ಮಾವ ಬೇರೆಯೇ ಯೋಚಿಸುತ್ತಿದ್ದರು. “ಬೋರಿನ ನೀರಿಗೆ ಡ್ರಿಪ್ ಪೈಪಲ್ಲಿ ಸುಣ್ಣ ಕಟ್ಕೊಳ್ತದಲ್ಲ, ಆಸಿಡ್ ಬಿಟ್ಟು ತೊಳೀತೀವಿ. ಹಂಗೇನಾದ್ರೂ ಇಲ್ವೇನೋ ಇದಕ್ಕೆ?”

ಫೈಲಿನಲ್ಲಿದ್ದ ಬಿಲ್ಲಿನ ಹಿಂಬದಿಯಲ್ಲಿ ಎರಡು ಸುತ್ತು ಬರೆದೆ, ಒಂದರೊಳಗೊಂದು. ಒಳಗಿನದು ರಕ್ತದ ದಾರಿ. ಎರಡರ ನಡುವಿನ ಜಾಗವನ್ನು ಒಂದು ಕಡೆ ಪೆನ್ನಿನಿಂದ ತುಂಬಿ ಕಪ್ಪು ಮಾಡಿದೆ. ಮಾವ ಕಾಗದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, ಕಪ್ಪಾದ ಜಾಗದ ಮೇಲೆ ಉಗುರಿಟ್ಟರು.

“ಇದು ಪೈಪಿನ ಒಳಗಲ್ಲ. ಪೈಪಲ್ಲೇ ಅದೆ.”

“ಹೂಂ ಮಾವ.”

“ಬರೀ ಇಲ್ಲೊಂದೇ ಕಡೆನೋ, ಉದ್ದಕ್ಕೂನೋ?”

“ಉದ್ದಕ್ಕೂ ಅಲ್ಲಲ್ಲಿ ಇರುತ್ತೆ. ಅದಕ್ಕೇ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬರೆದಿದಾರೆ. ಅದು ಎಲ್ಲಾ ಕಡೆಗೂ ಹೋಗುತ್ತೆ.”

ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಆಂಜಿಯೋಗ್ರಾಂ ಸಿಡಿಯ ಕವರಿನೊಳಗೆ ಸೇರಿಸಿದರು. ಅತ್ತೆ ಚೀಟಿ ತೆಗೆದು ನನ್ನ ಕಡೆ ಚಾಚಿ, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಕೇಳತೊಡಗಿದರು.